ವುಡ್‌ಬ್ರಿಡ್ಜ್‌ನಲ್ಲಿ ಕದ್ದ ಕ್ಷಮೆ

ನಮ್ಮ ಮನೆಯೊಳಗೆ ದ್ರಾಕ್ಷಿ ರಸದ ಬಾಟಲಿ ಬರಕೂಡದು. ಇದು ನಾನು ಮಾಡಿದ ಕಾನೂನು, ಕಾರಣ ಯಾರಿಗೂ ಹೇಳಿಲ್ಲ. ಗಂಡನಿಗೆ ಹೇಳಲಿಲ್ಲ, ಅವರು ಹೋಗಿ ಎಂಟು ವರ್ಷವಾಯಿತು. ಮಗಳು ಕೇಳಿ ಕೇಳಿ ಬೇಸತ್ತು ಬಿಟ್ಟಳು. ಹೋದ ತಿಂಗಳು ಮೊಮ್ಮಗಳು ಎಲ್ಲಿಂದಲೋ ಒಂದು ಬಾಟಲಿ ತಂದು, ಅಡುಗೆಮನೆಯಲ್ಲಿ ಮುಚ್ಚಳ ತೆಗೆದಿಟ್ಟಳು. ಮೆಟ್ಟಿಲಿಳಿದು ಬರುತ್ತಿದ್ದ ನಾನು ಅಲ್ಲೇ ಕೂತುಬಿಟ್ಟೆ. "ಅಜ್ಜೀ, ಇಟ್ಸ್ ಜಸ್ಟ್ ಜೂಸ್!" ಎಂದು ಹುಡುಗಿ ಗಾಬರಿಯಿಂದ ಓಡಿಬಂದಳು. ಜೂಸ್ ಅಂತೆ! ಆ ಸಿಹಿ, ಆ ಸ್ವಲ್ಪ ಹುಳಿ ಮೂಗಿಗೆ ಬಡಿದರೆ ಸಾಕು, ನನಗೆ ಮತ್ತೆ ಇಪ್ಪತ್ತನಾಲ್ಕು ವರ್ಷ. ವುಡ್‌ಬ್ರಿಡ್ಜ್‌ನ ಒಂದು ಮನೆಯ ಹಾಲ್‌ನಲ್ಲಿ ಪುಟ್ಟ ಗಾಜಿನ ಲೋಟ ಹಿಡಿದು ನಿಂತಿರುತ್ತೇನೆ, ನಾಲಿಗೆಯ ಮೇಲೆ ಸುಳ್ಳು ಕೂತಿರುತ್ತದೆ. ಈ ವಯಸ್ಸಿನಲ್ಲಾದರೂ ಹೇಳಿಬಿಡಬೇಕು ಅನಿಸಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಅದು ಎಪ್ಪತ್ತೆರಡನೆಯ ಇಸವಿ. ಸುವಾರ್ತಾ ಮತ್ತು ನಾನು ಅಮೆರಿಕದ ಜೆರ್ಸಿ ಸಿಟಿಯಲ್ಲಿ ಒಂದು ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆವು. ಇಬ್ಬರೂ ಗದಗಿನ ಕಡೆಯವರು, ಒಂದೇ ಮಿಶನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತವರು, ಒಂದೇ ವಿಮಾನದಲ್ಲಿ ಬಂದಿಳಿದವರು. ಊರಿನಲ್ಲಿ ಇಡೀ ವಾರ್ಡು ನಡೆಸುತ್ತಿದ್ದವರು ಇಲ್ಲಿ ‘ಏಡ್’ ಆಗಿದ್ದೆವು. ಅಂದರೆ ರೋಗಿಗಳ ಮೈ ಒರೆಸುವುದು, ಬೆಡ್‌ಪ್ಯಾನ್ ಇಡುವುದು, ಹಾಸಿಗೆ ಬದಲಿಸುವುದು. ಇಲ್ಲಿನ ಸರ್ಕಾರದ ನರ್ಸಿಂಗ್ ಪರೀಕ್ಷೆ ಪಾಸಾಗುವ ತನಕ ನಮ್ಮ ಸರ್ಟಿಫಿಕೇಟು ಬರೀ ಕಾಗದ. ಪರೀಕ್ಷೆ ಫೆಬ್ರವರಿಯಲ್ಲಿತ್ತು. ಅಷ್ಟರೊಳಗೆ ಕೆಲಸ ಹೋದರೆ ವೀಸಾ ಹೋದಂತೆ, ವೀಸಾ ಹೋದರೆ ತಲೆ ತಗ್ಗಿಸಿಕೊಂಡು ಊರಿನ ಬಸ್ ಹತ್ತಿದಂತೆ.

ನಾನು ಉಪದೇಶಿಯ ಮಗಳು. ಉಪದೇಶಿ ಅಂದರೆ ಹಳ್ಳಿ ಹಳ್ಳಿ ತಿರುಗಿ ದೇವರ ವಾಕ್ಯ ಸಾರುವವರು. ಸ್ಥಾನದಲ್ಲಿ ಚರ್ಚು ನಡೆಸುವ ಸಭಾಪಾಲಕರಿಗಿಂತ ಒಂದು ಮೆಟ್ಟಿಲು ಕೆಳಗೆ, ಶಿಸ್ತಿನಲ್ಲಿ ಎರಡು ಮೆಟ್ಟಿಲು ಮೇಲೆ. ನಾನು ಹೊರಟ ದಿನ ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ಪರಿಶುದ್ಧಳಾಗಿ ಬಾಳವಾ, ಉಳಿದದ್ದು ದೇವರು ನೋಡ್ಕೋತಾನ" ಎಂದಿದ್ದರು. ನಾನು ಆ ಮಾತನ್ನು ಉಡದಂತೆ ಬಿಗಿಯಾಗಿ ಹಿಡಿದೆ. ಸಿನಿಮಾ ಇಲ್ಲ, ಟಿವಿ ಇಲ್ಲ, ಕೂದಲಿಗೆ ಕತ್ತರಿ ಇಲ್ಲ. ಬೆಳಗ್ಗೆ ಐದಕ್ಕೆ ಮೊಣಕಾಲೂರಿ ಒಂದು ಗಂಟೆ ಪ್ರಾರ್ಥನೆ, ಶುಕ್ರವಾರ ಉಪವಾಸ. ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು, ನಾನು ಸುವಾರ್ತಾಳನ್ನೂ ಎಬ್ಬಿಸುತ್ತಿದ್ದೆ. ಅವಳು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು, "ಏ ಪವಿತ್ರವ್ವಾ, ನನ್ನ ಪಾಲಿಂದೂ ನೀನ ಮಾಡಿಬಿಡ. ದೇವರಿಗೆ ನಿನ್ನ ದನಿ ಗುರುತ ಐತಿ, ನಂದು ಕೇಳಿದ್ರ ಯಾರಕಿ ಇಕಿ ಅಂತಾನ" ಎನ್ನುತ್ತಿದ್ದಳು. ನನ್ನ ಹೆಸರು ಕರುಣಾ, ಪವಿತ್ರವ್ವ ಅವಳು ಇಟ್ಟ ಅಡ್ಡಹೆಸರು.

ಅವಳಿಗೆ ಲಿಪ್‌ಸ್ಟಿಕ್ ಬೇಕು, ಶನಿವಾರ ಸಿನಿಮಾ ಬೇಕು, ಕರಿದ ಮೀನು ಬೇಕು. ನಗಲಿಕ್ಕೆ ಮಾತ್ರ ಏನೂ ಬೇಡ. ರೋಗಿಗಳು ಅವಳ ಕೈ ಹಿಡಿದರೆ ಬಿಡುತ್ತಿರಲಿಲ್ಲ. ನಾನು ಕೋಣೆಗೆ ಹೋದರೆ, ಆ ಇನ್ನೊಬ್ಬಳು ಎಲ್ಲಿ ಎಂದು ಕೇಳುತ್ತಿದ್ದರು. ನನಗೆ ಹೊಟ್ಟೆಕಿಚ್ಚಿತ್ತೇ? ಇತ್ತು. ಈಗ ಹೇಳಲಿಕ್ಕೆ ನಾಚಿಕೆ ಏನು.

ನಮ್ಮ ವಾರ್ಡಿನಲ್ಲಿ ರೋಸ್ ಎಂಬ ಇಟಲಿ ಕಡೆಯ ಮುದುಕಿ ಇದ್ದರು. ಎಂಬತ್ತು ದಾಟಿತ್ತು, ಕಲಿತಿದ್ದ ಇಂಗ್ಲಿಷು ಅರ್ಧ ಮರೆತುಹೋಗಿತ್ತು. ನಾವಿಬ್ಬರೂ ಅವರನ್ನು ರೋಸಮ್ಮ ಎನ್ನುತ್ತಿದ್ದೆವು. ಅವರ ಕೋಣೆ ಸುವಾರ್ತಾಳ ಪಾಲಿನದು. ಆದರೆ ಮಧ್ಯಾಹ್ನ ಮೂರಕ್ಕೆ ನನಗೆ ಹತ್ತು ನಿಮಿಷ ಬಿಡುವು ಸಿಗುತ್ತಿತ್ತು, ಆಗ ನಾನು ಅಲ್ಲಿಗೆ ಹೋಗಿ ಪ್ರಾರ್ಥನೆ ಮಾಡುತ್ತಿದ್ದೆ. ನಾನು ಕನ್ನಡದಲ್ಲಿ, ಅವರು ತಮ್ಮ ಭಾಷೆಯಲ್ಲಿ, ಕೈಯಲ್ಲಿ ಜಪಮಣಿ. ನಮ್ಮ ಮಿಶನ್ ಮನೆಗಳಲ್ಲಿ ಜಪಮಣಿ ಅಂದರೆ ಕ್ಯಾಥೊಲಿಕರದು ಎಂದು ಮುಖ ಸಿಂಡರಿಸುತ್ತಾರೆ. ನಾನು ಅದನ್ನು ಕಾಣದ ಹಾಗೆ ಕಣ್ಣು ಮುಚ್ಚುತ್ತಿದ್ದೆ. ಹೊರಡುವಾಗ ಅವರು ನನ್ನ ಕೆನ್ನೆ ತಟ್ಟುತ್ತಿದ್ದರು. ನಾನೊಂದು ಆತ್ಮವನ್ನು ದೇವರಿಗೆ ಗೆದ್ದುಕೊಡುತ್ತಿದ್ದೇನೆ ಎಂದುಕೊಂಡಿದ್ದೆ, ಹುಚ್ಚಿ.

ಆ ಆಸ್ಪತ್ರೆಯ ಮಂಚಗಳಿಗೆ ಎರಡೂ ಬದಿಗೆ ಸೈಡ್ ರೇಲ್ ಎಂಬ ಕಬ್ಬಿಣದ ತಡೆ ಇತ್ತು. ಎತ್ತಿ, ಟಕ್ಕೆನ್ನುವ ತನಕ ಸಿಕ್ಕಿಸಬೇಕು. ಇಲ್ಲದಿದ್ದರೆ ಮುದುಕರು ಮಗ್ಗುಲಾಗುವಾಗ ಉರುಳುತ್ತಾರೆ. ಊರಿನಲ್ಲಿ ಅಂಥದ್ದನ್ನು ನಾವು ಕಂಡೇ ಇರಲಿಲ್ಲ. ಅಲ್ಲಿ ಪ್ರತಿ ಮಂಚದ ಪಕ್ಕ ಒಬ್ಬ ಸೊಸೆಯೋ ಅತ್ತೆಯೋ ಬುತ್ತಿಯ ಗಂಟಿಟ್ಟುಕೊಂಡು ಕೂತಿರುತ್ತಿದ್ದರು. ರೋಗಿ ಬಿದ್ದರೆ ಅವರ ಮಡಿಲಲ್ಲೇ ಬೀಳಬೇಕು. ನರ್ಸ್ ಎದ್ದುಹೋದರೂ ಮಂಚ ಒಂಟಿಯಾಗುತ್ತಿರಲಿಲ್ಲ. ಹಾಗಾಗಿ ರೇಲ್ ಎತ್ತುವ ರೂಢಿ ನಮ್ಮ ಕೈಗೆ ಹತ್ತಲೇ ಇಲ್ಲ. ಇಬ್ಬರೂ ಮರೆತು ಹೆಡ್ ನರ್ಸ್ ಹತ್ತಿರ ಬೈಸಿಕೊಂಡವರೇ.

ಅಕ್ಟೋಬರ್ ಕೊನೆಯ ಒಂದು ಮಧ್ಯಾಹ್ನ, ಕಿಟಕಿಯಾಚೆ ಕೆಂಪಗಾದ ಎಲೆಗಳು ಗಾಳಿಗೆ ಉದುರುತ್ತಿದ್ದವು. ನಾನು ರೋಸಮ್ಮನ ಮಂಚದ ಪಕ್ಕ ಮೊಣಕಾಲೂರಿದೆ. ಕೈ ಹಿಡಿದುಕೊಳ್ಳಲು ರೇಲ್ ಅಡ್ಡ ಬಂತು, ಇಳಿಸಿದೆ. ಪ್ರಾರ್ಥನೆ ಅರ್ಧವಾಗಿತ್ತು, ನನ್ನ ಪಾಲಿನ ಕೋಣೆಯಿಂದ ಕರೆಗಂಟೆ ಹೊಡೆಯಿತು. ಆಮೆನ್ ಎಂದವಳೇ ಎದ್ದು ಓಡಿದೆ. ಸ್ವಲ್ಪ ಹೊತ್ತಿಗೆ ಧೊಪ್ಪೆಂಬ ಸದ್ದು, ಹಿಂದೆಯೇ ಒಂದು ಚೀರಾಟ. ಎಲ್ಲರ ಜೊತೆ ನಾನೂ ಓಡಿದೆ. ರೋಸಮ್ಮ ನೆಲದ ಮೇಲೆ ಬಿದ್ದಿದ್ದರು, ಒಂದು ಕಾಲು ತಿರುಚಿಕೊಂಡಿತ್ತು, ಜಪಮಣಿ ಹರಿದು ಚೆಲ್ಲಾಪಿಲ್ಲಿಯಾಗಿತ್ತು. ರೇಲ್ ಕೆಳಗಿತ್ತು. ಗಡಿಬಿಡಿಯಲ್ಲಿ ಹೊಳೆಯಲಿಲ್ಲ, ಆಮೇಲೆ ನೆನಪಾಯಿತು ಎಂದೆಲ್ಲ ಹೇಳುವಂತಿಲ್ಲ. ನೋಡಿದ ಕ್ಷಣವೇ ನನಗೆ ಗೊತ್ತಾಯಿತು.

ಯಾರಿಗೆ ಯಾವ ಕೋಣೆ ಎಂದು ಬರೆದ ಹಾಳೆಯನ್ನು ಹೆಡ್ ನರ್ಸ್ ತೆಗೆದು ನೋಡಿದರು. ಹಾಳೆಯಲ್ಲಿ ಸುವಾರ್ತಾಳ ಹೆಸರಿತ್ತು. ಅವಳನ್ನು ಒಳಗೆ ಕರೆದು, ರೇಲ್ ಎತ್ತಿದ್ದೆಯಾ ಎಂದು ಕೇಳಿದರು. ಪಕ್ಕದ ಬಟ್ಟೆ ಕೋಣೆಯಲ್ಲಿ ನಾನು ಚಾದರ ಮಡಚುತ್ತಾ ನಿಂತಿದ್ದೆ, ಅದೇ ಚಾದರವನ್ನು ಮತ್ತೆ ಮತ್ತೆ ಮಡಚುತ್ತಿದ್ದೆ. ಅವಳು ಹೊರಗೆ ಬಂದಳು, ಮುಖ ಬಿಳಚಿಕೊಂಡಿತ್ತು.

"ಎತ್ತಿದ್ದೆ ಅಂತ ಅನಸ್ತೈತಿ ಕರುಣಾ. ಆದರ ಖಾತ್ರಿ ಹೇಳೂದು ಹೆಂಗ? ಮೊದಲ ನಾ ಮರೆಗುಳಿ. ಎತ್ತಿದ್ರ ಅದು ತಾನ ಇಳೀತೈತೇನು? ನಾನ ಮರತಿರಬೇಕು."

ಆಗ ಒಂದು ಮಾತು ಸಾಕಿತ್ತು. ತುಟಿಯವರೆಗೆ ಬಂತು ಕೂಡ. ಅಪ್ಪನ ಮುಖ ಕಣ್ಣೆದುರು ನಿಂತಿತು, ಫೆಬ್ರವರಿಯ ಪರೀಕ್ಷೆ ನಿಂತಿತು. ನಾನು ಏನೆಂದೆ ಗೊತ್ತೇ? "ದೇವರ ಚಿತ್ತ ಸುವಾರ್ತಾ, ಪ್ರಾರ್ಥನಾ ಮಾಡೂಣು" ಎಂದೆ. ನನ್ನ ಬಾಯಿಂದ ಅದಕ್ಕಿಂತ ಹೊಲಸು ಮಾತು ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ವಾರದೊಳಗೆ ಸುವಾರ್ತಾಳನ್ನು ಕೆಲಸದಿಂದ ತೆಗೆದರು. ವೀಸಾ ರದ್ದಾಗುವ ಮುನ್ನ ಬೇರೆ ಆಸ್ಪತ್ರೆ ಹುಡುಕಿಕೊಳ್ಳಲು ಮಾರ್ಚ್ ತನಕ ಸಮಯವಿತ್ತು. ಆದರೆ ಎಲ್ಲಿ ಹೋದರೂ ಹಳೆಯ ಆಸ್ಪತ್ರೆಯಿಂದ ಒಳ್ಳೆಯ ಮಾತಿನ ಪತ್ರ ತಾ ಎನ್ನುತ್ತಿದ್ದರು. ಅವಳು ಕೋಟು ಹಾಕಿಕೊಂಡು ಬೆಳಗ್ಗೆ ಹೋಗುತ್ತಿದ್ದಳು, ಸಂಜೆ ಮೂಗು ಕೆಂಪಗೆ ಮಾಡಿಕೊಂಡು ಬರುತ್ತಿದ್ದಳು. ಬಂದವಳು ಕೈ ಬಿಸಿ ಮಾಡಿಕೊಳ್ಳುತ್ತಾ, "ಇವತ್ತೂ ಮಂಗಳಾರತಿ ಆತು" ಎಂದು ನಗುತ್ತಿದ್ದಳು. ಆಗಿನ್ನೂ ನಗುತ್ತಿದ್ದಳು.

ನಾನೇನು ಮಾಡಿದೆ? ಇನ್ನಷ್ಟು ಪರಿಶುದ್ಧಳಾದೆ. ಶುಕ್ರವಾರದ ಜೊತೆ ಬುಧವಾರವೂ ಉಪವಾಸ ಹಿಡಿದೆ. ಚಳಿಯಲ್ಲಿ ನೆಲದ ಮೇಲೆ ಮಲಗಿದೆ. ಕಾಫಿ ಬಿಟ್ಟೆ, ಕೈಗಡಿಯಾರ ಬಿಚ್ಚಿಟ್ಟೆ, ಮೊಣಕಾಲು ಕರಿಕಟ್ಟುವ ತನಕ ಪ್ರಾರ್ಥಿಸಿದೆ. ನಿಜ ಹೇಳುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದೆ. ದೇವರು ಬೇರೇನನ್ನಾದರೂ ತೆಗೆದುಕೊಂಡು ಇದನ್ನು ಬಿಟ್ಟುಬಿಡಲಿ ಎಂಬ ಚೌಕಾಸಿ ಅದು, ಸಂತೆಯಲ್ಲಿ ಮಾಡುತ್ತೇವಲ್ಲ, ಹಾಗೆ.

ಆ ಕಾಲಕ್ಕೆ ಅಲ್ಲಿದ್ದ ನಾಲ್ಕಾರು ಕನ್ನಡ ಕ್ರೈಸ್ತ ಮನೆಯವರು ತಿಂಗಳ ಮೊದಲ ಶನಿವಾರ ವುಡ್‌ಬ್ರಿಡ್ಜ್‌ನ ಶಾಂತಾ ಆಂಟಿಯ ಮನೆಯಲ್ಲಿ ಸೇರುತ್ತಿದ್ದರು. ಆಂಟಿ ಮೈಸೂರಿನವರು, ಅಂಕಲ್ ಎಂಜಿನಿಯರ್. ನಮ್ಮಿಬ್ಬರನ್ನು ಅವರೇ ಡ್ರೈವ್ ಮಾಡಿಕೊಂಡು ಕರೆದೊಯ್ಯುತ್ತಿದ್ದರು. ಧಾರವಾಡದಿಂದ ಒಬ್ಬ ಸಭಾಪಾಲಕರು ಒಂದು ವರ್ಷದ ಓದಿಗೆಂದು ಹತ್ತಿರದ ಸೆಮಿನರಿ ಎಂಬ ದೇವಶಾಸ್ತ್ರದ ಕಾಲೇಜಿಗೆ ಬಂದಿದ್ದರು. ಅಯ್ಯನವರು ಎನ್ನುತ್ತಿದ್ದೆವು. ಅವರು ಬಂದ ಮೇಲೆ, ಯೇಸುವಿನ ನೆನಪಿಗೆ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಕನ್ನಡದಲ್ಲೇ ಶುರುವಾಯಿತು. ಅಂಗಡಿಯ ಬಿಳಿ ಬ್ರೆಡ್ಡು, ವೈನಿನ ಬದಲು ದ್ರಾಕ್ಷಿ ರಸ. ನಮ್ಮ ಮಿಶನ್ ಮಂದಿ ದೇವರ ಮೇಜಿನ ಮೇಲೂ ವೈನ್ ಮುಟ್ಟುವುದಿಲ್ಲ.

ಮೇಜಿಗೆ ಹೋಗುವ ಮೊದಲು ನಮ್ಮಲ್ಲೊಂದು ಪದ್ಧತಿ. ಯಾರ ಜೊತೆಗೂ ಮನಸ್ತಾಪ ಇಟ್ಟುಕೊಂಡು ಆ ರೊಟ್ಟಿ ಮುಟ್ಟಬಾರದು. ಅದಕ್ಕೆ ಎಲ್ಲರೂ ಎದ್ದು, ಒಬ್ಬೊಬ್ಬರ ಮುಂದೆಯೂ ಕೈಜೋಡಿಸಿ, "ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ" ಎನ್ನಬೇಕು. ಅವರು "ಕ್ಷಮಿಸಿದ್ದೇನೆ" ಎನ್ನಬೇಕು. ಊರಿನಲ್ಲಿ ಮುದುಕಿಯರು ಇದಕ್ಕಾಗಿ ಹಿಂದಿನ ದಿನವೇ ಜಗಳವಾಡಿದ ಮನೆಗೆ ಹೋಗಿ ಅತ್ತು ಬರುತ್ತಿದ್ದರು. ಇಲ್ಲಿ ಅದು ಹಬ್ಬದ ಕೈಕುಲುಕಾಟದಂತೆ ಆಗಿತ್ತು. ತಪ್ಪು ಯಾವುದು ಎಂದು ಯಾರೂ ಕೇಳುತ್ತಿರಲಿಲ್ಲ, ಹೇಳುತ್ತಲೂ ಇರಲಿಲ್ಲ. ಇಲ್ಲ ಎಂದವರನ್ನಂತೂ ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಡಿಸೆಂಬರಿನ ಮೊದಲ ಶನಿವಾರ ನಾನು ಸುವಾರ್ತಾಳ ಮುಂದೆ ನಿಂತೆ. ಇದನ್ನೇ ನಾನು ಒಂದು ವಾರದಿಂದ ಲೆಕ್ಕ ಹಾಕಿದ್ದೆ. ಕೈಜೋಡಿಸಿ, "ನನ್ನಿಂದ ತಪ್ಪಾಗಿದ್ದರ ಕ್ಷಮಿಸು" ಎಂದೆ.

"ಕ್ಷಮಿಸೀನಿ ತಗೋ," ಎಂದಳು ಸುವಾರ್ತಾ. ಆಮೇಲೆ ಪಿಸುದನಿಯಲ್ಲಿ, "ನಿನ್ನ ಹೊಸಾ ಬೂಟು ಹಾಕ್ಕೊಂಡು ಕೆಸರಾಗ ಹೋಗಿದ್ದೆ, ನೀನೂ ಅದನ್ನ ಕ್ಷಮಿಸಿಬಿಡು ಪವಿತ್ರವ್ವಾ" ಎಂದು ಕಣ್ಣು ಮಿಟುಕಿಸಿದಳು.

ತಾಟು ಬಂದಾಗ ನಾನು ಬ್ರೆಡ್ಡು ತಿಂದೆ, ಆ ರಸ ಕುಡಿದೆ. ಕ್ಷಮೆ ಕೇಳಿದ್ದೇನೆ, ಅವಳು ಕೊಟ್ಟಿದ್ದಾಳೆ, ಹತ್ತು ಜನ ಸಾಕ್ಷಿ ಇದ್ದಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಶಾಂತಾ ಆಂಟಿ ನನ್ನ ಗಲ್ಲ ಹಿಡಿದು, "ನೋಡಿ, ಈ ಮಗೂನ ನೋಡಿ ಕಲೀಬೇಕು. ಇಷ್ಟು ಚಿಕ್ಕ ವಯಸ್ಸಿಗೆ ಎಂಥ ಪರಿಶುದ್ಧ ಜೀವನ!" ಎಂದರು. ಎಲ್ಲರೂ ಹೌದೆಂದು ತಲೆಯಾಡಿಸಿದರು. ಸುವಾರ್ತಾ ಎಲ್ಲರಿಗಿಂತ ಜೋರಾಗಿ ಆಡಿಸಿದಳು.

ಹದಿನೈದು ದಿನಕ್ಕೆ ರೋಸಮ್ಮ ತೀರಿಕೊಂಡರು. ಸೊಂಟ ಮುರಿದು ಹಾಸಿಗೆ ಹಿಡಿದ ಮುದುಕಿಗೆ ನ್ಯುಮೋನಿಯಾ ಆಯಿತು, ಅಷ್ಟೇ. ಸುದ್ದಿಯನ್ನು ಮನೆಗೆ ತಂದವಳು ನಾನು. ಸುವಾರ್ತಾ ಕೂತಲ್ಲಿಂದ ಏಳಲಿಲ್ಲ. ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, "ಒಂದು ಜೀವ ತಗೊಂಡುವಲ್ಲ ಇವು" ಎಂದಳು.

ಅವತ್ತಿನಿಂದ ಅವಳು ನಗಲಿಲ್ಲ. ಲಿಪ್‌ಸ್ಟಿಕ್ಕನ್ನು ಕಸದ ಡಬ್ಬಿಗೆ ಹಾಕಿದಳು. ಕೆಲಸ ಹುಡುಕುವುದನ್ನು ಬಿಟ್ಟಳು. ಒಂದು ಬೆಳಗ್ಗೆ ಐದಕ್ಕೆ ನಾನು ಮೊಣಕಾಲೂರಿದಾಗ ಪಕ್ಕದಲ್ಲಿ ಸದ್ದಾಯಿತು. ಅವಳೂ ಬಂದು ಊರಿದ್ದಳು.

"ನಿನ್ನಂಗ ಇರೂದು ನನಗೂ ಕಲಿಸು ಕರುಣಾ. ನಾ ಚೆಲ್ಲುಚೆಲ್ಲಾಗಿ ಬಾಳಿದ್ದಕ್ಕ ಹಿಂಗಾತು. ನೀ ಹೆಂಗ ಇಷ್ಟ ಪರಿಶುದ್ಧ ಇರತಿ, ಹೇಳಿಕೊಡು."

ಹೇಳಿಕೊಟ್ಟೆ. ಹೌದು, ಕಲಿಸಿದೆ! ಉಪವಾಸ ಹೇಗೆ ಹಿಡಿಯುವುದು, ಯಾವ ವಾಕ್ಯ ಯಾವಾಗ ಓದುವುದು, ಎಲ್ಲ. ಮೂರು ವಾರ ಪ್ರತಿ ಬೆಳಗ್ಗೆ ಇಬ್ಬರೂ ಅಕ್ಕಪಕ್ಕ ಮೊಣಕಾಲೂರಿದೆವು. ಅವಳು ನನ್ನ ಪಾಪಕ್ಕಾಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ನಾನು ಪಕ್ಕದಲ್ಲಿ ಕೇಳುತ್ತಾ ಕೂತಿರುತ್ತಿದ್ದೆ. ಹೊರಗೆ ಹಿಮ ಬಿದ್ದು ಬಿದ್ದು ಬೀದಿಯೇ ಕಾಣುತ್ತಿರಲಿಲ್ಲ. ದೇವರೇ, ನನ್ನನ್ನು ಇಲ್ಲೇ ಕೊಂದುಬಿಡು ಎಂದು ನಾನು ಎಷ್ಟು ಸಲ ಬೇಡಿಕೊಂಡೆನೋ! ಅದು ಬಾಯಿ ಬಿಡುವುದಕ್ಕಿಂತ ಸುಲಭವಾಗಿ ಕಾಣುತ್ತಿತ್ತು.

ಜನವರಿಯಲ್ಲಿ ತಡೆಯಲಾರದೆ ಎರಡು ಬಸ್ ಬದಲಿಸಿ ಅಯ್ಯನವರ ಸೆಮಿನರಿಗೆ ಹೋದೆ. ಅವರು ತಮ್ಮ ಕೋಣೆಯಲ್ಲಿ ಶಾಲು ಹೊದ್ದು ಹೀಟರಿಗೆ ಕಾಲು ಕಾಯಿಸುತ್ತಾ ಕೂತಿದ್ದರು. ಎಲ್ಲ ಹೇಳಿದೆ. ದೇವರು ದಯಾಳು, ಸಮಾಧಾನ ತಂದುಕೋ ಎನ್ನುತ್ತಾರೆಂದು ಕಾದೆ. ಅವರು ಕಾಲು ಕೆಳಗಿಳಿಸಿ ನೆಟ್ಟಗೆ ಕೂತರು.

"ಅಕಿ ಕ್ಷಮಿಸೀನಿ ಅಂದಳಲ್ಲ, ಏನನ್ನ ಕ್ಷಮಿಸಿದೆ ಅಂತ ಅಕಿಗೆ ಗೊತ್ತಿತ್ತೇನು?"

"ಇಲ್ರಿ ಅಯ್ಯನವರ."

"ಹಂಗಾದ್ರ ನೀ ಕ್ಷಮಾ ತಗೊಂಡಿಲ್ಲವಾ, ಕದ್ದೀ. ದೇವರ ಮನಿಯಾಗ, ನನ್ನ ಕಣ್ಣ ಮುಂದ ಕದ್ದೀ."

"ಈಗ ನಾ ಏನ್ ಮಾಡ್ಲಿ? ನೀವ ಅಕಿಗೆ ಹೇಳ್ತೀರೇನ್ರಿ?"

"ನಾ ಹೇಳಾಂಗಿಲ್ಲ. ನಿನ್ನ ಬಾಯಿಲೆ ಕದ್ದದ್ದು, ನಿನ್ನ ಬಾಯಿಲೆ ತಿರುಗಿ ಕೊಡು." ಆಮೇಲೆ ದನಿ ಇಳಿಸಿ, "ನನಗೂ ಹೆದರಿಕಿ ಆಗ್ತೈತಿ ಕರುಣಾ. ಇಬ್ಬರು ಹುಡುಗ್ಯಾರದೂ ಬಾಳೇವು ಇದರಾಗ ಹೋದೀತು. ಆದರ ಬ್ಯಾರೆ ದಾರಿ ನನಗ ಕಾಣವಲ್ದು" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಚಹಾ ಕುಡಿದು ಹೋಗು ಎಂದರು, ನಾನು ಕುಡಿಯದೆ ಬಸ್ಸಿಗೆ ಹೊರಟೆ.

ಮನೆಗೆ ಬಂದಾಗ ಸುವಾರ್ತಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಜೋಳದ ಹಿಟ್ಟು ಸಿಗದ ಊರು ಅದು, ಮೆಕ್ಕೆಜೋಳದ ಹಿಟ್ಟಿನಲ್ಲೇ ಬಡಿಯುವುದನ್ನು ಅವಳು ಕಲಿತಿದ್ದಳು. ಬಿರುಕು ಬಿಡುತ್ತಿದ್ದವು, ಆದರೂ ರೊಟ್ಟಿ ಅಂದರೆ ರೊಟ್ಟಿ. ಕೋಟನ್ನೂ ಬಿಚ್ಚದೆ ಬಾಗಿಲಲ್ಲಿ ನಿಂತೇ ಹೇಳಿದೆ. ರೇಲ್ ಇಳಿಸಿದ್ದು ನಾನು. ಎತ್ತದೆ ಓಡಿದ್ದು ನಾನು. ಬಿದ್ದ ಕೂಡಲೇ ನನಗೆ ಗೊತ್ತಾಗಿತ್ತು. ನೀನು ಎತ್ತಿದ್ದೆ ಸುವಾರ್ತಾ, ನೀನು ಮರೆತಿರಲೇ ಇಲ್ಲ.

ಹೆಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಅವಳು ಒಲೆ ಆರಿಸಿದಳು. ಕೈಯ ಹಿಟ್ಟನ್ನು ನಲ್ಲಿಯ ಕೆಳಗೆ ಬೆರಳು ಬೆರಳೂ ಬಿಡದೆ ತೊಳೆದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದರೆ ಸಾಕು ಎಂದುಕೊಂಡೆ.

"ವುಡ್‌ಬ್ರಿಡ್ಜ್‌ದಾಗ ಕೈಮುಗದು ಕೇಳಿದ್ದಿ. ಅವತ್ತ ಗೊತ್ತಿತ್ತು ನಿನಗ?"

"ಗೊತ್ತಿತ್ತು."

"ಬೆಳಿಗ್ಗೆ ನಾ ಅಳೂಮುಂದ ಪಕ್ಕದಾಗ ಕೂತಿರತಿದ್ದಿ. ಆವಾಗೂ?"

"ಹೂಂ."

"ನಾ ಅವತ್ತು ಕ್ಷಮಿಸೀನಿ ಅಂದಿದ್ದೆನಲ್ಲ," ಎಂದಳು. ದನಿ ಏರಲಿಲ್ಲ. "ಅದನ್ನ ತಿರುಗಿ ಕೊಡು."

ನಾನು ಏನು ಕೊಡಲಿ? ನೆಲಕ್ಕೆ ಕುಸಿದು ಅತ್ತೆ. ಅವಳು ನನ್ನನ್ನು ದಾಟಿಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಹೆಡ್ ನರ್ಸ್ ಹತ್ತಿರ ಹೋಗಿ ಹೇಳಿದೆ. ಆಕೆ ಪೆನ್ನು ತೆಗೆದು ಬರೆದುಕೊಂಡರು. ನನ್ನ ಕೆಲಸ ಅಂದೇ ಹೋಯಿತು, ಫೆಬ್ರವರಿಯ ಪರೀಕ್ಷೆಗೂ ಕೂರಲಾಗಲಿಲ್ಲ. ಸುವಾರ್ತಾಳ ತಪ್ಪಿಲ್ಲ ಎಂದು ಪತ್ರ ಬರೆದುಕೊಟ್ಟರು, ಬೇಕಾದರೆ ವಾಪಸ್ ಬರಲಿ ಎಂದರು. ಅವಳು ಹೋದಳು ಕೂಡ. ಎರಡನೇ ದಿನಕ್ಕೆ ಮನೆಗೆ ಬಂದು ಏಪ್ರನ್ ಬಿಚ್ಚಿಟ್ಟಳು. ಎತ್ತಿದ ರೇಲನ್ನು ಹತ್ತು ಸಲ ಬಂದು ಅಲ್ಲಾಡಿಸಿ ನೋಡುವಂತಾಗುತ್ತದೆ, ಇದು ನನ್ನಿಂದ ಇನ್ನು ಆಗದು ಎಂದಳು. ಅದನ್ನು ನನಗೆ ಹೇಳಲಿಲ್ಲ, ಗೋಡೆಗೆ ಹೇಳಿದಳು. ನಮ್ಮಲ್ಲಿ ಮಾತು ನಿಂತು ಹೋಗಿತ್ತು.

ಫೆಬ್ರವರಿಯ ಶನಿವಾರವೂ ಅಂಕಲ್ ಕಾರು ತಂದರು. ಹಿಂದಿನ ಸೀಟಿನಲ್ಲಿ ಇಬ್ಬರೂ ಒಂದೊಂದು ಕಿಟಕಿಗೆ ಅಂಟಿಕೊಂಡು ಕೂತೆವು. ವುಡ್‌ಬ್ರಿಡ್ಜ್‌ನಲ್ಲಿ ಹಾಡು ಮುಗಿಯಿತು, ಎಲ್ಲರೂ ಎದ್ದರು, ಕೈಜೋಡಿಸುವುದು ಶುರುವಾಯಿತು. ನಾನು ಸುವಾರ್ತಾಳ ಮುಂದೆ ಹೋಗಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ರೋಸಮ್ಮನ ಮಂಚದ ರೇಲ್ ಇಳಿಸಿದಾಕಿ ನಾನು. ಅಕಿ ನನ್ನ ಕೈಯಿಂದ ಸತ್ತಳು. ನಾ ಬಾಯಿ ಮುಚ್ಚಿಕೊಂಡು ಅದನ್ನ ನಿನ್ನ ಮ್ಯಾಲೆ ಹೊರಿಸಿದೆ. ನನ್ನನ್ನ ಕ್ಷಮಿಸು ಸುವಾರ್ತಾ."

ಶಾಂತಾ ಆಂಟಿಯೇ ಮೊದಲು ಸಾವರಿಸಿಕೊಂಡರು. "ಅಯ್ಯೋ ಸಾಕಮ್ಮ, ಇದನ್ನೆಲ್ಲ ಇಲ್ಲಿ ಯಾಕೆ ತೆಗೀತೀಯ? ಮಕ್ಕಳೆಲ್ಲ ಕೇಳ್ತಿದಾವೆ. ಸುವಾರ್ತಾ, ಹೂಂ ಅಂದ್ಬಿಡಮ್ಮ, ಮುಗಿದೋಗ್ಲಿ."

ಸುವಾರ್ತಾ ನನ್ನನ್ನೇ ನೋಡುತ್ತಿದ್ದಳು. ಹೇಳಲು ಪ್ರಯತ್ನಪಟ್ಟಳು, ದೇವರಾಣೆಗೂ ಪಟ್ಟಳು. ತುಟಿಗಳು ಎರಡು ಸಲ ಅದುರಿದವು.

"ಇಲ್ಲ," ಎಂದಳು. "ನನಗ ಆಗವಲ್ದು."

ಆ ಮಾತು ಹೇಳಿದವರನ್ನು ನಾನು ಕಂಡದ್ದು ಅದೇ ಮೊದಲು. ನಾನು ಕೋಟನ್ನೂ ತೆಗೆದುಕೊಳ್ಳದೆ ಹೊರಗೆ ಬಂದೆ. ಮುಂಬಾಗಿಲ ಮೆಟ್ಟಿಲ ಮೇಲೆ ಹಿಮ ಗಟ್ಟಿಯಾಗಿತ್ತು, ಅದರ ಮೇಲೇ ಕೂತೆ. ಒಳಗೆ ಅಯ್ಯನವರ ದನಿ ಕೇಳುತ್ತಿತ್ತು, ಆಮೇಲೆ ಹಾಡು ಕೇಳಿಸಿತು. ರೊಟ್ಟಿ ಹಂಚುತ್ತಿದ್ದಾರೆ ಎಂದು ಗೊತ್ತಾಯಿತು. ಅವಳಾದರೂ ತಿನ್ನಲಿ, ಅವಳದ್ದೇನೂ ತಪ್ಪಿಲ್ಲ ಎಂದುಕೊಂಡೆ. ಚಳಿಗೆ ಬೆರಳುಗಳು ಮರಗಟ್ಟಿದವು.

ಮಾರ್ಚ್ ಮೊದಲ ವಾರ ಸುವಾರ್ತಾ ಊರಿಗೆ ಹೊರಟುಹೋದಳು. ಸೂಟ್‌ಕೇಸಿನ ಬೆಲ್ಟ್ ಬಿಗಿಯಲು ನಾನು ಹಿಡಿದುಕೊಂಡೆ, ಅವಳು ಬೇಡ ಎನ್ನಲಿಲ್ಲ. ಅವಳು ಮತ್ತೆ ನರ್ಸ್ ಆಗಲಿಲ್ಲ. ಹುಬ್ಬಳ್ಳಿಯಲ್ಲಿ ಹುಡುಗಿಯರ ಒಂದು ಹಾಸ್ಟೆಲ್ ನೋಡಿಕೊಂಡಳು, ಮದುವೆಯಾದಳು, ಮಕ್ಕಳಾದವು. ನನಗೆ ಹಳೆಯ ಪತ್ರ ಕೇಳದ ಒಂದು ವೃದ್ಧಾಶ್ರಮದಲ್ಲಿ ಕೆಲಸ ಸಿಕ್ಕಿ ವೀಸಾ ಉಳಿಯಿತು, ಒಂದು ವರ್ಷ ತಡವಾಗಿ ಪರೀಕ್ಷೆ ಪಾಸಾಗಿ ನರ್ಸ್ ಆಗಿಯೇ ನಿವೃತ್ತಳಾದೆ. ಅದನ್ನು ನೆನೆದರೆ ಇಂದಿಗೂ ಅನ್ನ ಸೇರುವುದಿಲ್ಲ.

ಅವಳಿಗೆ ಪತ್ರ ಬರೆಯುತ್ತಾ ಬಂದೆ. ಮೂರು ವರ್ಷ ಉತ್ತರವಿಲ್ಲ, ಆಮೇಲೆ ಬರತೊಡಗಿತು. ಮಳೆ ಬಂತು, ಮಗಳಿಗೆ ಹಲ್ಲು ಬಂತು, ಮೊಣಕಾಲು ನೋಯುತ್ತದೆ, ನಿನ್ನ ಸಕ್ಕರೆ ಕಾಯಿಲೆ ಹೇಗಿದೆ, ಎಲ್ಲ ಬರೆಯುತ್ತಾಳೆ. ನನ್ನ ಪ್ರತಿ ಪತ್ರದ ಕೊನೆಯಲ್ಲಿ ಆ ಶನಿವಾರ ಹೇಳಿದ ಮಾತನ್ನೇ, ಒಂದಕ್ಷರ ಬಿಡದೆ ಬರೆದು ಕ್ಷಮೆ ಕೇಳುತ್ತೇನೆ. ಆ ಸಾಲಿಗೆ ಮಾತ್ರ ಉತ್ತರ ಬರೆದಿಲ್ಲ. ಚರ್ಚಿನಲ್ಲಿ ಕರ್ತನ ಭೋಜನದ ತಾಟು ನನ್ನ ಮುಂದೆ ಬಂದರೆ ಪಕ್ಕದವರಿಗೆ ದಾಟಿಸುತ್ತೇನೆ. ಐವತ್ತು ವರ್ಷ ದಾಟಿಸಿದ್ದೇನೆ. ಅದನ್ನು ಕಂಡು ಕೆಲವರು ನನ್ನದು ಬಹಳ ದೀನ ಭಕ್ತಿ ಎನ್ನುತ್ತಾರೆ. ಅನ್ನಲಿ, ನಾನು ತಿದ್ದಲು ಹೋಗಿಲ್ಲ.

ಈ ಸಲ ಈಸ್ಟರ್ ಕಳೆದ ಮೇಲೆ ಮನಸ್ಸು ಗಟ್ಟಿ ಮಾಡಿ ಫೋನ್‌ನಲ್ಲೇ ಕೇಳಿದೆ. ದನಿಯಲ್ಲಿ ಕೇಳುವ ಧೈರ್ಯ ಅದುವರೆಗೆ ಬಂದಿರಲಿಲ್ಲ.

"ಅವತ್ತು ನೀ ಹೊರಗ ಹೋದ ಮ್ಯಾಲೆ ಒಳಗ ಏನಾತು ಅಂತ ಒಂದ ದಿನಾನೂ ನೀ ಕೇಳಲಿಲ್ಲ," ಎಂದಳು ಸುವಾರ್ತಾ. ಮುದುಕಿಯ ದನಿ, ಆದರೂ ಅವಳದೇ. "ತಾಟು ನನ್ನ ಮುಂದ ಬಂತು. ಕ್ಷಮಾ ಮಾಡದ ಹೆಂಗ ತಗೊಳ್ಳಿ? ಸುಳ್ಳ ಹೇಳಿ ಉಣ್ಣೂದು ನನಗ ಬರಲಿಲ್ಲ. ದಾಟಿಸಿದೆ. ಅವತ್ತಿನಿಂದ ಇವತ್ತಿನ ತನಾ ದಾಟಿಸಿಕೋತನ ಬಂದೀನಿ."

ಫೋನ್ ಹಿಡಿದುಕೊಂಡೇ ಅತ್ತೆ. ಅವಳು ಅಳಬೇಡ ಎನ್ನಲಿಲ್ಲ, ಮುಗಿಯುವ ತನಕ ಕಾದಳು.

"ಇನ್ನೂ ಆಗವಲ್ದು," ಎಂದಳು. "ಆದರ ನೀ ಕೇಳೂದು ಬಿಡಬ್ಯಾಡ ಕರುಣಾ. ನನಗೂ ಹಸಿವಾಗೈತಿ."